ಸುಜಾತಾ ಗೆರೆ ದಾಟಿರಲಿಲ್ಲ

ಆ ದಿನ ಗೆರೆ ದಾಟಿದವನು ನಾನು. ಸುಜಾತಾ ಅಲ್ಲ. ಇಷ್ಟು ವರ್ಷ ಊರು ಅವಳೇ ದಾಟಿದಳೆಂದು ನಂಬಿತ್ತು. ಅವಳೂ ಹಾಗೆಯೇ ನಂಬಿದ್ದಳು — ನಂಬಿಸಿದವನು ನಾನು.

ದುಮ್ಮವಾಡದ ಆಚೆಗೆ ನಮ್ಮ ಊರು. ಊರ ಮಗ್ಗುಲಲ್ಲಿ ಕೆರೆ, ಕೆರೆಗೆ ಉದ್ದನೆಯ ಏರಿ, ಏರಿಯ ಮೇಲೆ ಮಣ್ಣಿನ ಹಾದಿ. ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದರಿಂದ, ನಾನೂ ನನ್ನ ಓರಗೆಯವರೂ ದಿನಾ ಬೆಳಿಗ್ಗೆ ಅಲ್ಲಿ ತಿರುಗಾಡುತ್ತಿದ್ದೆವು. ಅದೇ ಹೊತ್ತಿಗೆ ಹೈಸ್ಕೂಲ್ ಹುಡುಗಿಯರು ಸೈಕಲ್ ತರುತ್ತಿದ್ದರು. ಊರಲ್ಲಿ ಗುಂಡಿ ಇಲ್ಲದ ನೇರ ಹಾದಿ ಅದೊಂದೇ. ಅವರಲ್ಲಿ ಭೀಮಪ್ಪನ ಮಗಳು ಸುಜಾತಾ ಎಲ್ಲರಿಗಿಂತ ಜೋರು. ಕ್ರೀಡಾ ಹಾಸ್ಟೆಲಿನ ಸೈಕ್ಲಿಂಗ್ ಆಯ್ಕೆಗೆ ತಯಾರಿ ನಡೆಸಿದ್ದಳು. ಭೀಮಪ್ಪ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವನು.

ಚಳಿಗಾಲ ಬಂದರೆ ಜಗಳ. ಹಿಂದಿನಿಂದ ಗಂಟೆ ಬಾರಿಸಿದರೆ ಎದೆ ಝಲ್ಲೆನ್ನುತ್ತದೆ ಎಂದು ನಮ್ಮವರು. ಹಸಿ ಮಣ್ಣಿನ ಮೇಲೆ ನೀವು ಮೂಡಿಸಿದ ಹೆಜ್ಜೆಗಳು ಒಣಗಿ ಕಲ್ಲಾಗುತ್ತವೆ, ಗಾಲಿ ಜಿಗಿಯುತ್ತದೆ ಎಂದು ಹುಡುಗಿಯರು. ಇಬ್ಬರದೂ ಸುಳ್ಳಲ್ಲ. ಕಡೆಗೆ ನಾನೇ ದಾರಿ ಹುಡುಕಿದೆ. ಹಾದಿಯ ನಡುವೆ ಸುಣ್ಣದ ಗೆರೆ — ನೀರಿನ ಬದಿ ನಡೆಯುವವರಿಗೆ, ಹೊಲದ ಬದಿ ಸೈಕಲ್ಲಿಗೆ. ಎಲ್ಲರೂ ಒಪ್ಪಿದರು. ಗೆರೆ ಮಾಸಿದಾಗಲೆಲ್ಲ ನಾನೇ ಹೋಗಿ ಸುಣ್ಣ ಹಾಕುತ್ತಿದ್ದೆ. ಬೇರೆಯವರು ಒಂದು ಹೆಜ್ಜೆ ಆಚೆ ಇಟ್ಟರೂ ಗದರುತ್ತಿದ್ದೆ. ಅದನ್ನು ನೆನೆದರೆ —

ಅಂದು ನಾನು ತಡವಾಗಿ ಹೊರಟಿದ್ದೆ. ದಟ್ಟ ಮಂಜು. ಓರಗೆಯವರೆಲ್ಲ ಮುಂದೆ ಹೋಗಿದ್ದರು. ನೀರಿನ ಬದಿಯಲ್ಲಿ ಹುಲ್ಲು ಬೆಳೆದು ಇಬ್ಬನಿ ಕೂತಿತ್ತು. ಕ್ಯಾನ್ವಾಸ್ ಬೂಟು ನೆನೆದು ಕಾಲ್ಬೆರಳು ಸೆಟೆದುಕೊಂಡವು. ಸೈಕಲ್ಲಿನ ಬದಿ ಒಣಗಿ ನುಣ್ಣಗಿತ್ತು. ಯಾರೂ ಕಾಣುತ್ತಿಲ್ಲವಲ್ಲ ಎಂದುಕೊಂಡು ಅತ್ತ ಸರಿದೆ. ಕಾರಣ ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ಗಂಟೆ ಕೇಳಿಸಿತು. ಮಫ್ಲರ್ ಸುತ್ತಿಕೊಂಡಿದ್ದೆ, ಆದರೂ ಸ್ಪಷ್ಟವಾಗಿ ಕೇಳಿಸಿತು. ನಾನು ಸರಿಯಲಿಲ್ಲ. ಸಣ್ಣವಳು, ಅವಳೇ ಸರಿಯಲಿ ಅನ್ನಿಸಿತು — ಅನ್ನಿಸಿತು ಎನ್ನುವುದೂ ಸುಳ್ಳು, ಹಾಗೆಂದೇ ನಿಂತೆ. ಕಡೆಯ ಗಳಿಗೆಯಲ್ಲಿ ನಾನು ಅವಳಿಗೆ ಕಂಡಿರಬೇಕು. ಹ್ಯಾಂಡಲ್ ತಿರುಗಿತು. ಸೈಕಲ್ ಏರಿಯ ಹೊಲದ ಕಡೆಯ ಇಳಿಜಾರಿನಲ್ಲಿ ಉರುಳಿ ಕೆಳಗಿನ ಕಲ್ಲುಗಳ ಮೇಲೆ ಬಿದ್ದ ಸದ್ದು.

ಆಗ ನಾನು ಮೊದಲು ಮಾಡಿದ್ದು ಕೆಳಗಿಳಿದದ್ದಲ್ಲ. ಗೆರೆ ದಾಟಿ ನನ್ನ ಬದಿಗೆ ಬಂದು ನಿಂತೆ. ಆಮೇಲೆ ಕೂಗಿದೆ.

ಜನ ಓಡಿ ಬಂದು ನನ್ನನ್ನು ಅಲ್ಲಿಯೇ ಕಂಡರು. ಸುಜಾತಾಳನ್ನು ಮೇಲೆ ಎತ್ತಿ ತಂದು ಕೂರಿಸಿದರು. ಮೊಳಕೈ ಬೇರೆ ಕಡೆ ತಿರುಗಿತ್ತು. ಅವಳು ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು.

"ಸರ, ಮಂಜಿನಾಗ ನನಗ ಕಾಣ್ಲಿಲ್ರಿ. ನಾ ಗೆರಿ ದಾಟಿದ್ನೇನ್ರಿ?"

"ಹೂಂ" ಅಂದೆ.

ಅವಳ ಮಾಸ್ತರನಾಗಿದ್ದೆ ನಾನು. ಗೆರೆ ಎಳೆದವನೂ ನಾನೇ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಅವಳಿಗೆ ಬೇಕಿರಲಿಲ್ಲ.

ಆ ವಾರ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಎಲ್ಲರೂ ಸೇರಿ ಏರಿಯ ಮೇಲೆ ಸೈಕಲ್ ಬೇಡವೆಂದು ತೀರ್ಮಾನಿಸಿದರು. ಅಲ್ಲಿಯೂ ಅದನ್ನೇ ಹೇಳಿದೆ — ಹುಡುಗಿ ನಮ್ಮ ಬದಿಗೆ ಬಂದಿದ್ದಳು ಎಂದು. ಭೀಮಪ್ಪ ಎದ್ದು ನಿಂತು ನನಗೆ ಕೈ ಮುಗಿದ. "ತಪ್ಪಾತ್ರಿ ಸರ. ನಿಮಗೇನರ ಆಗಿದ್ರ ನಾವು ಏನ್ ಮಾಡೂದಿತ್ರಿ."

"ಇರ್ಲಿ ಬಿಡು" ಅಂದೆ. ಕ್ಷಮಿಸಿದವನ ಹಾಗೆ.

ಅವನು ಸೈಕಲ್ ಮಾರಿದ. ಆಯ್ಕೆಯ ದಿನ ಸುಜಾತಾಳ ಕೈಗೆ ಇನ್ನೂ ಪಟ್ಟಿ ಇತ್ತು. ಮುಂದೆ ಅವಳು ಓದಿದಳು, ಕಲಘಟಗಿಯ ಒಂದು ಕಚೇರಿಯಲ್ಲಿ ನೌಕರಿ ಹಿಡಿದಳು. ಸಂಗಡದವರು ಸ್ಕೂಟಿ ತೆಗೆದುಕೊಂಡರೂ ಅವಳು ಬಸ್ಸಿಗೇ ಹೋದಳು. ನಾನು ಉಂಡೆ, ಮಲಗಿದೆ, ಮಕ್ಕಳ ಮದುವೆ ಮಾಡಿದೆ. ಮನಸ್ಸು ಕುದಿಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಕುದಿಯಲಿಲ್ಲ. ಚಳಿಗೆ ಕೈ ಮರಗಟ್ಟಿದಂತೆ ಅದೊಂದು ಜಾಗ ಮರಗಟ್ಟಿತ್ತು. ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಭೀಮಪ್ಪ ಸತ್ತಾಗ ಮಣ್ಣಿಗೂ ಹೋಗಿದ್ದೆ, ಎಲ್ಲರ ಜೊತೆ ನಿಂತು ಬಂದೆ.

ಹೋದ ಚಳಿಗಾಲ ಈಗಿನ ಹುಡುಗಿಯರು ಏರಿಯ ಮೇಲೆ ಸೈಕಲ್ ಓಡಿಸಲು ಬಿಡಿ ಎಂದು ಕೇಳಿಕೊಂಡು ಬಂದರು. ಮತ್ತೆ ಕಟ್ಟೆಗೆ ಜನ ಸೇರಿತು. ಓರಗೆಯ ಶಿವಪ್ಪ, "ಭೀಮಪ್ಪನ ಮಗಳು ಗೆರಿ ದಾಟಿ ಬಿದ್ದದ್ದು ಮರ್ತೀರೇನು?" ಅಂದ. ಹಿಂದೆ ನಿಂತಿದ್ದ ಸುಜಾತಾ ಮುಂದೆ ಬಂದಳು.

"ಹೌದ್ರಿ, ತಪ್ಪು ನಂದ ಇತ್ತು. ಆದ್ರ ನನ್ನ ಸಲುವಾಗಿ ಈ ಹುಡುಗ್ಯಾರನ್ನ ತಡೀಬ್ಯಾಡ್ರಿ."

ಆಗಲೂ ನಾನು ಸುಮ್ಮನೆ ಕೂತಿದ್ದೆ. ಇದನ್ನೂ ಹೇಳಬೇಕು — ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಸಭೆ ಏನೂ ತೀರ್ಮಾನವಾಗದೆ ಮುರಿಯಿತು.

ಮುಂದಿನ ಭಾನುವಾರ ಅವಳ ಮನೆಗೆ ಹೋದೆ. ಅವರ ಓಣಿಯಲ್ಲಿ ಭೀಮಪ್ಪ ಕಟ್ಟಿದ ಮನೆ. ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಭೀಮಪ್ಪನದು. ಕುರ್ಚಿ ಹಾಕಿದಳು, ಚಹಾ ಮಾಡಲು ಹೊರಟಳು. ಬೇಡವೆಂದು ಕೂರಿಸಿ ಹೇಳಿದೆ. ಗಂಟೆ ಕೇಳಿಸಿದ್ದು, ಸರಿಯದೆ ನಿಂತದ್ದು, ಮೊದಲು ಗೆರೆ ದಾಟಿ ಬಂದದ್ದು.

ಅವಳು ಅಪ್ಪನ ಪಟದತ್ತ ತಿರುಗಿದಳು. ಆಮೇಲೆ, ಯಾರದೋ ಸುದ್ದಿ ಹೇಳುವ ದನಿಯಲ್ಲಿ:

"ನನಗ ಕಣ್ಣಂದಾಜು ಇಲ್ಲಂತ ತಿಳಕೊಂಡಿದ್ನ್ರಿ. ಅದಕ್ಕ ಗಾಡಿ ಮುಟ್ಟಲೇ ಇಲ್ರಿ."

"ತಪ್ಪಾತವ್ವಾ—"

"ನನಗ ಹೇಳಿದ್ರಿ, ಆತು. ನಮ್ಮಪ್ಪಗ ಯಾರು ಹೇಳ್ತಾರ್ರಿ? ನನ್ನ ಮಗಳು ಹಿರ್‍ಯಾರ ಮುಂದ ನನ್ನ ತಲಿ ತಗ್ಗಿಸಿದ್ಲಂತ ಅಂದುಕೋತನ ಹೋದ ಅಂವ."

ನಾನು ಎದ್ದಾಗ ಬಾಗಿಲವರೆಗೆ ಬಂದಳು. "ಅವತ್ತು ಕಟ್ಟಿ ಮ್ಯಾಲೆ ಎಲ್ಲಾರ ಮುಂದ ಹೇಳಿದ್ರಿ. ಇದನ್ನೂ ಅಲ್ಲೇ ಹೇಳ್ರಿ. ನಮ್ಮವ್ವನ್ನ ಕರ್ಕೊಂಡ್ ಬರ್ತೀನಿ."

ಸಭೆ ಕರೆಸಿದೆ. ನಿಂತು ಹೇಳಿದೆ. ಆಮೇಲೆ ಶಿವಪ್ಪ, "ಆಗಿದ್ದು ಆಗಿ ಹೋತು. ಈಗ್ಯಾಕ ತಗೀತಿ ಮಾರಾಯ?" ಅಂದ. ನಾಲ್ಕಾರು ಜನ ಹೌದು ಹೌದೆಂದು ತಲೆ ಆಡಿಸಿದರು. ಅವರಿಗೆ ನನ್ನ ಮರ್ಯಾದೆಯ ಚಿಂತೆ. ಭೀಮಪ್ಪ ಅಲ್ಲಿ ಕೈ ಮುಗಿದು ನಿಂತದ್ದು ಒಬ್ಬರಿಗೂ ನೆನಪಾದಂತೆ ಕಾಣಲಿಲ್ಲ.

ಸುಜಾತಾಳ ತಾಯಿ ಕಟ್ಟೆಯ ಕೆಳಗೆ ಕೂತಿದ್ದಳು. ಮಗಳ ಭುಜ ಹಿಡಿದು ಎದ್ದು ನಿಂತಳು.

"ಕಿವಿ ಮಂದ ಅದಾವ್ರಿ ನನಗ. ಏನಂದ್ರಿ ಸರ? ಇನ್ನೊಮ್ಮಿ ಹೇಳ್ರಿ."

ಅವಳಿಗೆ ನಿಜವಾಗಿ ಕೇಳಿಸಿರಲಿಲ್ಲವೋ, ಏನೋ. ನಾನು ಕಟ್ಟೆಯಿಂದ ಇಳಿದು ಅವಳೆದುರು ನಿಂತು, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದೆ. "ನಿಮ್ಮ ಮಗಳು ಗೆರಿ ದಾಟಿರಲಿಲ್ಲ. ನಾ ದಾಟಿದ್ದೆ. ಭೀಮಪ್ಪನ ಮುಂದ ಸುಳ್ಳು ಹೇಳಿದೆ."

ಅವಳು ಕೇಳಿಸಿಕೊಂಡಳು. ಮಗಳ ಕೈ ಹಿಡಿದು ಮನೆಯ ಕಡೆ ನಡೆದಳು.

ಹಳೆಯ ತಡೆಯನ್ನು ಊರು ಕೈಬಿಟ್ಟಿತು; ಈ ವರ್ಷ ಏರಿಯ ಮೇಲೆ ಹುಡುಗಿಯರ ಸೈಕಲ್ಲುಗಳು ಓಡುತ್ತಿವೆ. ಸುಜಾತಾ ನನ್ನನ್ನು ಕ್ಷಮಿಸಿಲ್ಲ, ನಾನೂ ಕೇಳಿಲ್ಲ. ಇಲ್ಲಿ ಬರೆಯುತ್ತಿರುವುದು, ನಮ್ಮ ಊರು ಗೊತ್ತಿಲ್ಲದ ನಿಮಗೂ ತಿಳಿದಿರಲಿ ಎಂದು. ಕೇಳಿಸಲಿಲ್ಲ ಎಂದು ಯಾರಾದರೂ ಅಂದರೆ ಇನ್ನೊಮ್ಮೆ ಹೇಳುತ್ತೇನೆ.