ಜೇನುಬಣ್ಣ ಏರುವವರೆಗೆ

ಅರ್ಲೀನ್‌ಗೆ ಅರವತ್ತೆರಡು. ಫ್ಲಾರಿಡಾದ ಕಬ್ಬಿನ ಸೀಮೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುವವಳು. ಅಲ್ಲಿ ರಾಶಿ ರಾಶಿ ಪಾತ್ರೆ ತೊಳೆದು ಮನೆಗೆ ಬಂದರೆ ಇಲ್ಲಿ ಹಾವಿನ ಡಬ್ಬಿ ತೊಳೆಯುವುದು ಕಾದಿರುತ್ತಿತ್ತು. ಹಾವಿನ ಹುಚ್ಚು ಅವಳದಲ್ಲ, ಅಣ್ಣ ಡೆಲ್ಬರ್ಟ್‌ನದು. ಕಾಲುವೆ ದಂಡೆಯ ಕಿಂಗ್‌ಸ್ನೇಕ್ ಎಂಬ ವಿಷವಿಲ್ಲದ ಹಾವುಗಳನ್ನು ಹಿಡಿದು ನಲವತ್ತು ವರ್ಷ ಸಾಕಿದವನು. ಸಕ್ಕರೆ ಕಾಯಿಲೆ ಕಾಲು ತಿಂದು ಕಣ್ಣಿಗೂ ಬಂದ ಮೇಲೆ ಅವನು ಆರೈಕೆ ಮನೆ ಸೇರಿದ. ಕೊನೆಯ ಎರಡು ಮರಿಗಳು ಇವಳ ಕೊರಳಿಗೆ ಬಿದ್ದವು.

ಈ ಮರಿಗಳು ಹುಟ್ಟುವಾಗ ಕಪ್ಪು, ಮೈಮೇಲೆ ಬಿಳಿಯ ಅಡ್ಡಪಟ್ಟೆ. ಪೊರೆ ಬಿಟ್ಟಂತೆಲ್ಲ ಹಳದಿ ಹರಡಿ, ಮೂರನೇ ವರ್ಷಕ್ಕೆ ಪಟ್ಟೆ ಅಳಿಸಿ ಮೈಯೆಲ್ಲ ಜೇನುಬಣ್ಣ. ಎಲ್ಲಕ್ಕೂ ಆ ಭಾಗ್ಯವಿಲ್ಲ. ಎರಡರಲ್ಲಿ ಒಂದು ಆಗಲೇ ತಿಳಿಯಾಗುತ್ತಿತ್ತು, ಇನ್ನೊಂದು ಕಪ್ಪಾಗಿಯೇ ಉಳಿದಿತ್ತು.

"ಕಣ್ಣು ಹೋಗೋದ್ರೊಳಗೆ ಆ ತಿಳಿ ಮರಿ ಪೂರ್ತಿ ಬಣ್ಣ ತಿರುಗೋದನ್ನ ನೋಡ್ಬೇಕು ಕಣೇ," ಎಂದಿದ್ದ ಡೆಲ್ಬರ್ಟ್.

"ನಿನಗೆ ಕಾಣೋವರೆಗೆ ಮಾತ್ರ ಅಣ್ಣ. ಆಮೇಲೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನನ್ನ ಕೈಲಾಗಲ್ಲ," ಎಂದಿದ್ದಳು.

ಪ್ರತಿ ಭಾನುವಾರ ತಿಳಿ ಮರಿಯನ್ನು ಚೀಲದಲ್ಲಿ ಒಯ್ದು ತೋರಿಸುತ್ತಿದ್ದಳು.

ಕಿಂಗ್‌ಸ್ನೇಕ್ ಹಾವನ್ನೇ ತಿನ್ನುವ ಹಾವು, ಒಡಹುಟ್ಟಿದ್ದೆಂದು ಬಿಡುವುದಿಲ್ಲ. ಇದೇನು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಒಂದು ಶನಿವಾರ ಮಧ್ಯಾಹ್ನ, ತೊಳೆದ ಡಬ್ಬಿಗಳೆರಡೂ ಒಣಗಲಿ ಎಂದು ಎರಡನ್ನೂ ಒಂದೇ ಬಕೆಟ್‌ಗೆ ಹಾಕಿ ಕುರ್ಚಿಗೆ ಒರಗಿದಳು. ಐದೇ ನಿಮಿಷ ಅಂದುಕೊಂಡಿದ್ದಳು, ಕಣ್ಣು ಹತ್ತಿಬಿಟ್ಟಿತು. ಎದ್ದು ನೋಡಿದರೆ ಕಪ್ಪು ಮರಿಯ ಬಾಯಿಂದ ಎರಡು ಬೆರಳಗಲ ತಿಳಿಬಣ್ಣದ ಬಾಲ ಹೊರಗಿತ್ತು. ಅವಳು ನೆಲದ ಮೇಲೆ ಕೂತು ಅತ್ತಳು. ಅಣ್ಣನಿಗೆ ಏನು ಹೇಳುವುದು? ಹಾಳು ನಿದ್ದೆ!

ಮರುದಿನ ತಲೆನೋವೆಂದು ಫೋನ್ ಮಾಡಿ ತಪ್ಪಿಸಿಕೊಂಡಳು. ಮುಂದಿನ ಭಾನುವಾರ, ಇದ್ದದ್ದು ಇದ್ದಹಾಗೆ ಹೇಳಿ ಬೈಸಿಕೊಳ್ಳುವುದೆಂದು ಕಪ್ಪು ಮರಿಯನ್ನೇ ತೆಗೆದುಕೊಂಡು ಹೋದಳು.

"ಅಣ್ಣಾ, ಒಂದು ಮಾತು..."

"ಮೊದಲು ಕೊಡೇ ಇಲ್ಲಿ. ತಲೆನೋವಂತೆ ತಲೆನೋವು!" ಡೆಲ್ಬರ್ಟ್ ಮರಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ಅಬ್ಬಾ, ಏನು ತೂಕ! ಏನು ತಿನ್ನಿಸಿದ್ಯೇ ಇದಕ್ಕೆ?"

ಅವಳು ಖಾಲಿ ಚೀಲವನ್ನು ಮಡಚತೊಡಗಿದಳು.

"ನೋಡಿಲ್ಲಿ, ಕತ್ತಿನ ಹಿಂದೆ ಪಟ್ಟೆ ಪೂರ್ತಿ ಹೋಗಿದೆ. ನಾನು ಹೇಳ್ಲಿಲ್ವಾ?" ಎಂದು ಬೆರಳಿಟ್ಟು ತೋರಿಸಿದ.

ಆ ಬೆರಳಿನ ಕೆಳಗೆ ಇದ್ದಲಿನಂಥ ಕಪ್ಪು, ಮಧ್ಯೆ ಎದ್ದು ಕಾಣುವ ಬಿಳಿ ಪಟ್ಟೆ. ಅವನ ನೋಟ ಹಾವಿನ ಮೇಲಿರಲಿಲ್ಲ, ಎಲ್ಲೋ ಗೋಡೆಯ ಕಡೆಗಿತ್ತು. ಎಷ್ಟು ಭಾನುವಾರಗಳಿಂದ ಹೀಗೋ ಏನೋ.

"ಏನೋ ಹೇಳ್ಬೇಕಂದೆ?"

"ಏನಿಲ್ಲ ಅಣ್ಣ. ಬಣ್ಣ ಚೆನ್ನಾಗಿ ತಿರುಗ್ತಿದೆ ಅಂತ."

"ನಿನಗೆ ಸಾಕಾಗಿದೆ, ಗೊತ್ತು. ಆದ್ರೆ ನನಗಿನ್ನೂ ಕಾಣ್ತಾ ಇದೆ ಕಣೇ," ಎಂದ ಅವಸರವಾಗಿ. "ಬರೋ ಭಾನುವಾರ ಬರ್ತೀಯ ತಾನೆ?"

ಅವಳಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ತಡೆಯಲಾಗದಷ್ಟು ಕನಿಕರ.

"ಬರ್ತೀನಿ," ಎಂದಳು.