ಒಂದು ಸಾಲಿನಷ್ಟು ಜಾಗ

ಮೊನ್ನೆ ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಫೋನ್ ರಿಪೇರಿಗೆ ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದೆ. ಒಳಗಿನಿಂದ ಬೆಸುಗೆ ಹಾಕುವ ಸಾಲ್ಡರ್ ಹೊಗೆ ಬಂತು. ಸೀದ ರಾಳದ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಗಂಟಲು ಕೆರೆಯುವಂಥದ್ದು. ಫೋನು ಸರಿಯಾಯಿತು ಅಂತ ಅಲ್ಲಿಯ ಹುಡುಗ ಕರೆದನಂತೆ, ನನಗೆ ಕೇಳಿಸಲೇ ಇಲ್ಲ. ನಾನಾಗ ಸ್ಟೇಷನ್ ರಸ್ತೆಯಲ್ಲಿ, ನಮ್ಮ ಹಳೆಯ ಮನೆಯ ಪಕ್ಕದ ರೇಡಿಯೋ ಅಂಗಡಿಯಲ್ಲಿದ್ದೆ...

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಚಿಕ್ಕಮಗಳೂರಿನ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಬೆಳೆದ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ ಆಗಿದ್ದೆ. ಮದುವೆಯ ಮಾತು ಬಂದು ಬಂದು ನಿಂತುಹೋಗಿತ್ತು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಪಕ್ಕದ ಅಂಗಡಿಯವರೂ ಒಂಟಿ. ಹಗಲೆಲ್ಲ ಊರವರ ರೇಡಿಯೋ ಬಿಚ್ಚುವುದು, ಸಂಜೆ ಎಲ್ಲಿಂದಲೋ ತಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಮುಂದೆ ಕೂರುವುದು. ಪರದೆಯ ಮೇಲೆ ಬರಬೇಕಾದ ಇಂಗ್ಲಿಷ್ ಸಾಲುಗಳನ್ನು ಬರೆದುಕೊಡಲು ನನ್ನನ್ನು ಕರೆಯುತ್ತಿದ್ದರು. ನಾನು ಹೋಗುತ್ತಿದ್ದೆ. ಅಮ್ಮ ನಮ್ಮ ಜಗಲಿಯಲ್ಲಿ ಅಂಗಡಿಯ ಕಡೆಗೇ ಮುಖ ಮಾಡಿಕೊಂಡು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು.

ಅಜ್ಜಂಪುರದ ಒಂದು ಸೊಸೈಟಿಗೆ ಬೀಜ, ಗೊಬ್ಬರದ ಸ್ಟಾಕ್ ನೋಡಿಕೊಳ್ಳುವ ಪ್ರೋಗ್ರಾಂ ಬೇಕಾಗಿತ್ತು. ಅದನ್ನು ಅಂಗಡಿಯವರು ಬರೆದರು. ಚೆನ್ನಾಗಿಯೇ ಓಡುತ್ತಿತ್ತು, ಆದರೆ ಎರಡು ಫ್ಲಾಪಿ ತುಂಬುತ್ತಿತ್ತು. ಬಾಗುವ ಕಪ್ಪು ಚೌಕದ ಆ ಫ್ಲಾಪಿಯಲ್ಲಿ ಇವತ್ತಿನ ಒಂದು ಫೋಟೋ ಕೂಡ ಹಿಡಿಯದು. ಸೊಸೈಟಿಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ; ಪ್ರತಿಸಲ ಫ್ಲಾಪಿ ಹಾಕಿಯೇ ಶುರು ಮಾಡಬೇಕು. ಅಲ್ಲಿನ ಸೆಕ್ರೆಟರಿ ಅಂಗಡಿಗೇ ಬಂದು ಹೇಳಿಹೋದರು:

"ಒಂದ್ರಲ್ಲೇ ಬರಂಗಿದ್ರೆ ತಗೊಂಡ್ ಬನ್ರೀ, ಇಲ್ಲಾಂದ್ರೆ ಬ್ಯಾಡ. ನಮ್ ಗುಮಾಸ್ತ ಇದನ್ನ ತೆಗ್ದು ಅದನ್ನ ಹಾಕ್ತಾ ಕೂತ್ರೆ ಮೂಟೆ ಇಳಿಸ್ಕೊಳ್ಳೋರು ಯಾರು? ಬೀಡೀನೇ ತಲೆಕೆಳಗು ಹಚ್ತಾನೆ ಕಣ್ರೀ ಅವ್ನು!"

ಸೆಕ್ರೆಟರಿ ಹೋದ ಮೇಲೆ ಅಂಗಡಿಯವರು ಸ್ಕ್ರೂ ತಿರುಗಿಸುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು: "ಇದು ಕೈಗೆ ಹತ್ತಲಿಲ್ಲ ಅಂದ್ರೆ ಅಂಗಡಿ ಮುಚ್ತೀನಿ ಮಿಸ್. ರೇಡಿಯೋ ರಿಪೇರಿಗೆ ಈಗ ಯಾರು ಬರ್ತಾರೆ? ಹುಬ್ಬಳ್ಳೀಲಿ ಅಣ್ಣ ಕರೀತಾ ಇದ್ದಾನೆ."

ಮಾರನೆಯ ಸಂಜೆ ಕೆಂಪು ಪೆನ್ನು ಹಿಡಿದುಕೊಂಡು ಹೋದೆ.

ಜಾಗ ಉಳಿಸಲು ಮೊದಲು ತೆಗೆದದ್ದು ಶುರುವಿನಲ್ಲಿ ಬರುತ್ತಿದ್ದ ತೆಂಗಿನಮರದ ಚಿತ್ರ. ಒಂದೊಂದೇ ಚುಕ್ಕಿ ಇಟ್ಟು ಅವರು ಬಿಡಿಸಿದ್ದು; ಅಳಿಸುವಾಗ ಮುಖ ಸಪ್ಪಗಾಯಿತು. ಆಮೇಲೆ ನನ್ನ ಇಂಗ್ಲಿಷಿನ ಸರದಿ.

"ಏನ್ ಮಿಸ್ ಇದು, 'ಕೈಂಡ್ಲಿ ಇನ್ಸರ್ಟ್ ದಿ ಡಿಸ್ಕೆಟ್ ಅಂಡ್ ಪ್ಲೀಸ್ ವೇಟ್ ಫಾರ್ ಎ ಮೊಮೆಂಟ್, ಥ್ಯಾಂಕ್ ಯೂ'! ಗೊಬ್ಬರದ ಮೂಟೆಗೆ ಮದುವೆ ಕರೆಯೋಲೆನಾ?"

"ಮತ್ತೆ? ಬರೀ 'ಇನ್ಸರ್ಟ್ ಡಿಸ್ಕ್' ಅಂದ್ರೆ ನಾಯೀನ ಗದರಿಸಿದ ಹಾಗಿರುತ್ತೆ. ಮ್ಯಾನರ್ಸ್ ಬೇಡವಾ?"

"ಮ್ಯಾನರ್ಸ್ ಜಾಗ ತಿನ್ನುತ್ತೆ ಮಿಸ್."

ಜಗಳವಾಡುತ್ತಲೇ ಹೊಡೆದುಹಾಕಿದೆ. ಅವರು ಪದೇ ಪದೇ ಬರುವ ಸಾಲುಗಳನ್ನು ಒಂದೇ ಕಡೆ ಇಟ್ಟು, ಉಳಿದ ಕಡೆ ಬರೀ ಗುರುತು ಹಾಕಿದರು. ಕೊನೆಗೆ ಇಡೀ ಪ್ರೋಗ್ರಾಮನ್ನೇ ಒತ್ತಿ ಮಡಚಿ, ಮೆಷಿನ್ನಿನ ಒಳಗೆ ಹೋದ ಮೇಲೆ ತಾನೇ ಬಿಚ್ಚಿಕೊಳ್ಳುವ ಹಾಗೆ ಮಾಡಿದರು. ರಜೆಗೆ ಊರಿಗೆ ಹೊರಡುವಾಗ ಹಾಸ್ಟೆಲ್ಲಿನಲ್ಲಿ ಇಬ್ಬರು ಟ್ರಂಕಿನ ಮೇಲೆ ಕೂತು ಮೂರನೆಯವಳು ಚಿಲಕ ಹಾಕುತ್ತಿದ್ದಳು, ಹಾಗಿದೆ ಇದು ಅಂದೆ. ಎಷ್ಟು ನಕ್ಕರು... ಅಷ್ಟು ನಗುವಂಥ ಮಾತೇನೂ ಅಲ್ಲ ಅದು.

ಒಂದು ಶನಿವಾರ ಸಂಜೆ ಹಿಡಿಯಿತು. ಪೂರ್ತಿ, ಒಂದೇ ಫ್ಲಾಪಿಯಲ್ಲಿ. ಡ್ರೈವಿನ ಕರಕರ ನಿಂತು ಪರದೆಯ ಮೇಲೆ ಅಕ್ಷರ ಮೂಡಿತು. ಆಮೇಲೆ ಅವರು ನನ್ನ ಕಡೆ ನೋಡದೆ, "ಇನ್ನೂ ಚೂರು ಜಾಗ ಉಳಿದಿದೆ ಮಿಸ್. ಒಂದು ಸಾಲು ಹಿಡಿಯುತ್ತೆ. ಏನಾದ್ರೂ ಬರೀತೀರಾ?" ಅಂದರು.

ಗೊಬ್ಬರದ ವಿಷಯ ಕೇಳುತ್ತಿಲ್ಲ ಅಂತ ನನಗೆ ಗೊತ್ತಾಯಿತು. ಜಗಲಿಯಲ್ಲಿ ಅಮ್ಮನ ಕೈ ಸುಲಿಯುವುದನ್ನು ನಿಲ್ಲಿಸಿತ್ತು.

"ಖಾಲಿ ಇರಲಿ ಬಿಡಿ," ಅಂದೆ. "ಮುಂದಕ್ಕೆ ಬೇಕಾಗುತ್ತೆ."

"ಆಯ್ತು ಮಿಸ್."

ಫ್ಲಾಪಿ ತೆಗೆದು ಕವರಿಗೆ ಹಾಕಿದರು.

ಅಜ್ಜಂಪುರದವರು ತಗೊಂಡರು. ಹುಬ್ಬಳ್ಳಿಯ ಮಾತು ನಿಂತಿತು. ನಾನು ಬಯಸಿದ್ದು ಅದನ್ನೇ ಅಲ್ಲವೇ? ಆದರೆ ಒಂದೇ ಫ್ಲಾಪಿಯಲ್ಲಿ ಕೆಲಸವಾಗುತ್ತದೆ ಅಂತ ಸುದ್ದಿ ಹರಡಿದ್ದೇ ತಡ, ಲಿಂಗದಹಳ್ಳಿಯವರು ಕೇಳಿದರು, ತರೀಕೆರೆಯವರು ಕೇಳಿದರು. ಅಂಗಡಿಯವರು ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅಂಗಡಿಗೆ ಬೀಗ ಬಿದ್ದ ದಿನಗಳೇ ಜಾಸ್ತಿಯಾದವು. ಕೊನೆಗೆ ತರೀಕೆರೆಯಲ್ಲೇ ರೂಮು ಮಾಡಿದರು, ಅಲ್ಲೇ ಮದುವೆಯೂ ಆಯಿತು. ಅಮ್ಮ, ನಾನು ಹೋಗಿದ್ದೆವು. ಹುಡುಗಿ ಒಳ್ಳೆಯವಳು, ಅವಳೂ ನನ್ನನ್ನು ಮಿಸ್ ಅಂತಲೇ ಕರೆದಳು. ಕಡೂರಿನಿಂದ ತರೀಕೆರೆಗೆ ಎಷ್ಟು ದೂರ, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ... ಹುಬ್ಬಳ್ಳಿಗೆ ಹೋಗಿದ್ದರೆ ದೂರ ಅಂತಾದರೂ ಅಂದುಕೊಳ್ಳಬಹುದಿತ್ತು.

ಹೋದ ವರ್ಷ ಪೇಪರಿನ ಶ್ರದ್ಧಾಂಜಲಿ ಪುಟದಲ್ಲಿ ಅವರ ಫೋಟೋ ಬಂತು. ಕೂದಲೆಲ್ಲ ಬೆಳ್ಳಗಾಗಿ, ದಪ್ಪ ಕನ್ನಡಕ. ತಕ್ಷಣ ಗುರುತು ಹತ್ತಲಿಲ್ಲ ನನಗೆ.

ಇವತ್ತು ಮಧ್ಯಾಹ್ನ ಕೂತು ಆ ಸಾಲನ್ನು ಬರೆದು ನೋಡಿದೆ. ಮೊದಲು ಇಂಗ್ಲಿಷಿನಲ್ಲಿ ಬಂತು, ನನಗೆ ಎಲ್ಲವೂ ಹಾಗೇ ಬರುವುದು. ಹೊಡೆದುಹಾಕಿ ಕನ್ನಡದಲ್ಲಿ ಬರೆದೆ. ಚಿಕ್ಕ ಸಾಲು, ಧಾರಾಳವಾಗಿ ಹಿಡಿಯುತ್ತಿತ್ತು. ಅದನ್ನು ಇಲ್ಲಿ ಹಾಕುವುದಿಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತು ಅದು; ಅವರಿಲ್ಲ.