ಹಸಿರು ದಾರದ ಕೊನೆಯ ಬಾಟಲಿ

ಟೆಕ್ಸಸ್‌ನ ಆಸ್ಟಿನ್ ಪಕ್ಕದ ಊರು ಫ್ಲೂಗರ್‌ವಿಲ್‌ನ ಅಪಾರ್ಟ್‌ಮೆಂಟ್ ಒಂದರ ಹಿಂಬದಿ. ಶನಿವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ; ಜೂನ್ ತಿಂಗಳ ಸೆಕೆ ಮಾತ್ರ ಆಗಲೇ ಮೈಗೆ ಅಂಟುತ್ತಿದೆ. ಕರೆಂಟ್ ಒಲೆಯ ಮೇಲೆ ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ, ಎಣ್ಣೆಯಲ್ಲಿ ಕರಿಬೇವು, ಮೆಂತ್ಯ, ದಾಸವಾಳದ ಎಲೆ. ಲೀಲಾವತಿ ಸೌಟು ಆಡಿಸುತ್ತಾರೆ, ಎದ್ದು ಒಳಗೆ ಹೋಗಿ ಫೋನ್ ನೋಡುತ್ತಾರೆ, ಬಂದು ಮತ್ತೆ ಸೌಟು ಹಿಡಿಯುತ್ತಾರೆ, ಮತ್ತೆ ಏಳುತ್ತಾರೆ. ಕುಂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ.

ಹತ್ತಿಯ ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಕಡ್ಡಿ ಗೀರುತ್ತಾರೆ. ಬತ್ತಿ ಚಟಚಟ ಎನ್ನುತ್ತದೆ. ಸೊಪ್ಪಿನ ನೀರು ಇನ್ನೂ ಆರಿಲ್ಲವೆಂದು ಅರ್ಥ. "ಇನ್ನೊಂದೀಟು ಕಾಯಬೇಕ್ರಿ. ಸದ್ದಿಲ್ದ ಉರೀಬೇಕು ಅದು," ಎನ್ನುತ್ತಾರೆ. ಹಿಂದೊಮ್ಮೆ ಅಡುಗೆಮನೆಯಲ್ಲೇ ಕಾಯಿಸಲು ಹೋಗಿ, ಹೊಗೆಯ ಅಲಾರಂ ಬಡಿದುಕೊಂಡು, ಕೆಂಪು ಲಾರಿಯಲ್ಲಿ ಫೈರ್‌ಮನ್‌ಗಳು ಬಂದು ಬಾಗಿಲು ತಟ್ಟಿದ್ದರು. ಅಂದಿನಿಂದ ಒಲೆ ಹೊರಗೆ.

ಈ ಬಾಣಲೆಯ ಎಣ್ಣೆ ಯಾರ ಮನೆಗೂ ಹೋಗುವುದಿಲ್ಲ. ಲೀಲಾವತಿಯವರ ಜಡೆಗೆ ಮತ್ತು ಅವರ ಯಜಮಾನರಾದ ಗದಿಗೆಪ್ಪನವರ ತಲೆಗೆ ಮಾತ್ರ. ಗದಿಗೆಪ್ಪನವರ ತಲೆಯಲ್ಲಿ ಕೂದಲಿಗಿಂತ ಬಯಲೇ ಹೆಚ್ಚಾದ್ದರಿಂದ ಪರೀಕ್ಷೆಗೆ ಅನುಕೂಲ. ಏಪ್ರಿಲ್‌ನಿಂದ ಈಚೆಗೆ ಲೀಲಾವತಿ ಒಬ್ಬರಿಗೂ ಎಣ್ಣೆ ಕೊಟ್ಟಿಲ್ಲ. ಹಳೆಯ ಒಂದು ಬಾಟಲಿ ಕೈಗೆ ಸಿಗುವ ತನಕ ಕೊಡುವುದೂ ಇಲ್ಲವಂತೆ.

ಅಣ್ಣಿಗೇರಿಯ ಹೆಣ್ಣುಮಗಳು ಇವರು. ಗದಿಗೆಪ್ಪ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಡಲ್ಲಾಸ್‌ನಲ್ಲಿ ಡಾಕ್ಟರಾಗಿದ್ದ ಅವರ ಅಣ್ಣ ಕರೆಸಿಕೊಂಡಾಗ, 1996ರಲ್ಲಿ, ಇಬ್ಬರೂ ಟೆಕ್ಸಸ್‌ಗೆ ಬಂದಿಳಿದರು. ಗದಿಗೆಪ್ಪನವರಿಗೆ ಆಸ್ಟಿನ್ ಕಡೆಯ ಟೈರ್ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ಲೀಲಾವತಿಯವರಿಗೆ ಶಾಲೆಯೊಂದರ ಅಡುಗೆಮನೆಯಲ್ಲಿ. ದಿನವಿಡೀ ಬಿಸಿನೀರು, ಸೋಪು, ದೊಡ್ಡ ದೊಡ್ಡ ತಟ್ಟೆಗಳು. ಚಳಿಗಾಲ ಬಂದಾಗ ಅಂಗೈ ಬಿರಿದು ರಕ್ತ ಜಿನುಗಿತು. ಕ್ರೀಮುಗಳಿಗೆ ಬಗ್ಗದ ಚರ್ಮ ಅಜ್ಜಿಯ ಹಳೆ ಪಾಠಕ್ಕೆ ಬಗ್ಗಿತು: ಹರಳೆಣ್ಣೆ, ಎಳ್ಳೆಣ್ಣೆ ಬೆರೆಸಿ, ಅರಿಶಿನದ ಕೊಂಬು ಹಾಕಿ ಕಾಯಿಸಿದ್ದು. ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ರೋಸಾ ಎಂಬ ಮೆಕ್ಸಿಕೋದ ಹೆಂಗಸು ಅವರ ಕೈ ಹಿಡಿದು ನೋಡಿ, ತನ್ನ ಕೈಯನ್ನೂ ಮುಂದೆ ಚಾಚಿದಳು. ಅವಳೇ ಮೊದಲ ಗಿರಾಕಿ.

ಆಮೇಲೆ ಕನ್ನಡದ ಮನೆಗಳಿಗೆ ಸುದ್ದಿ ಹಬ್ಬಿತು. ಇಲ್ಲಿನ ಗಡಸು ನೀರಿಗೆ ಕೂದಲು ಉದುರಿಸಿಕೊಂಡು ಕಂಗಾಲಾದವರು ಆ ಮನೆಗಳಲ್ಲಿ ಬೇಕಾದಷ್ಟಿದ್ದರು. ಶಾಲೆಯ ಕೆಲಸ ಬಿಟ್ಟು ಲೀಲಾವತಿ ಕಾಲಿಗೆ ಚಕ್ರ ಕಟ್ಟಿಕೊಂಡರು. ವಾರವೆಲ್ಲ ಆಸ್ಟಿನ್, ಒಂದು ವಾರಾಂತ್ಯ ಡಲ್ಲಾಸ್, ಇನ್ನೊಂದು ವಾರಾಂತ್ಯ ಹ್ಯೂಸ್ಟನ್. ಡಲ್ಲಾಸ್‌ನಲ್ಲಿ ಕೃಷ್ಣವೇಣಿ ಎಂಬವರ ಮನೆಯಲ್ಲಿ ಠಿಕಾಣಿ. ಬೆಳಗಿನಿಂದ ಸಂಜೆಯವರೆಗೆ ಆರೇಳು ತಲೆಗೆ ಎಣ್ಣೆ ತಟ್ಟಿ ತಿಕ್ಕುವುದು, ಎಳೆಗೂಸಿದ್ದ ಮನೆಯಾದರೆ ಬಚ್ಚಲ ಟಬ್ಬಿನ ಅಂಚಿಗೆ ಕೂತು, ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು. ಬರುವಾಗ ಬೇಕೆಂದವರಿಗೆ ಬಾಟಲಿ. ಬಾಟಲಿಗಳೆಲ್ಲ ಸಾಲ್ಸಾ ಚಟ್ನಿ, ಜೇನುತುಪ್ಪ ಖಾಲಿಯಾದವು; ಕುದಿಸಿ ಒಣಗಿಸಿದವು.

ಬಾಟಲಿಯ ಕತ್ತಿಗೆ ಒಂದು ದಾರ ಕಟ್ಟುವುದು ಇವರ ಪದ್ಧತಿ. ಪ್ರತಿ ಸಲ ಕಾಯಿಸಿದ ಒಬ್ಬೆಗೆ ಒಂದೊಂದು ಬಣ್ಣ. ಯಾವ ದಾರ ಯಾರ ಮನೆಗೆ ಹೋಯಿತೆಂಬುದು ಅವರಿಗೆ ಬಾಯಿಪಾಠ. "ನಮ್ಮಜ್ಜಿ ಉಪ್ಪಿನಕಾಯಿ ಭರಣಿಗಿ ಹಿಂಗ ಕಟ್ಟತಿದ್ಲರಿ. ಯಾವ್ದರ ಒಂದು ಕೆಟ್ರ, ಅದರ ಜೋಡಿ ಹಾಕಿದ್ದು ಯಾವ್ಯಾವು ಅಂತ ಗೊತ್ತಾಗಬೇಕಲ್ಲ," ಎನ್ನುತ್ತಾರೆ.

ಕೆಡುವ ದಿನವೂ ಬಂತು. ತಲೆಯೆಣ್ಣೆಗೆ ಗರುಗದ ಸೊಪ್ಪು, ಅಂದರೆ ಭೃಂಗರಾಜ, ಬೇಕು. ಅಂಗಡಿಯಲ್ಲಿ ಸಿಗುವುದು ಅದರ ಒಣಪುಡಿ, ಅದೂ ಯಾವ ಕಾಲದ್ದೋ. ಈ ಮಾರ್ಚ್‌ನಲ್ಲಿ ಅಪಾರ್ಟ್‌ಮೆಂಟಿನ ಹಿಂದೆ ಮಳೆನೀರು ನಿಲ್ಲುವ ಹೊಂಡದ ಅಂಚಿನಲ್ಲಿ ಅಡ್ಡಾಡುತ್ತಿದ್ದಾಗ, ಅದೇ ಪುಟ್ಟ ಬಿಳಿ ಹೂವು, ಅದೇ ಎಲೆ. ಹೊಸಕಿ ನೋಡಿದರೆ ಬೆರಳು ಕಪ್ಪಾಯಿತು. ಸಾಕ್ಷಾತ್ ಗರುಗ. ತವರಿನವರೇ ಎದುರು ಬಂದಷ್ಟು ಸಂತೋಷ. ಅಲ್ಲಲ್ಲಿ ನೆಲಕ್ಕೆ ಪುಟ್ಟ ಹಳದಿ ಬಾವುಟ ಸಿಕ್ಕಿಸಿದ್ದರು. ನೆಲದಡಿಯ ಗ್ಯಾಸ್ ಪೈಪೋ ಕೇಬಲ್ಲೋ ಎಲ್ಲಿದೆ ಎಂದು ತೋರಿಸಲು ಈ ಊರಲ್ಲಿ ಹೀಗೆ ಬಾವುಟ ನೆಡುವುದು ಮಾಮೂಲು. ಲೀಲಾವತಿ ಹಾಗೆಂದೇ ತಿಳಿದು, ಸೆರಗಿನ ತುಂಬ ಸೊಪ್ಪು ಕಿತ್ತು ತಂದರು. ಹೊಲದ ಬದುವಿನಲ್ಲಿ ಬೆಳೆದದ್ದು ಕಿತ್ತವರದ್ದು ಎಂದು ಕಲಿತ ಕೈ ಅದು. ಬಾವುಟ ನೆಟ್ಟದ್ದು ಕಳೆನಾಶಕ ಸಿಂಪಡಿಸಿದ್ದಕ್ಕೆ ಎಂದು ತಿಳಿಯುವಷ್ಟರಲ್ಲಿ, ಹಸಿರು ದಾರದ ಬಾಟಲಿಗಳು ಮೂರು ಊರಿಗೂ ಹಂಚಿಹೋಗಿದ್ದವು.

ಮೊದಲು ಪೆಟ್ಟು ತಿಂದವಳು ನಿಖಿತಾ. ಆಸ್ಟಿನ್‌ನ ದ ಡೊಮೇನ್ ಎಂಬ ಬಡಾವಣೆ ಹತ್ತಿರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ. ನೆತ್ತಿಯ ತುಂಬ ಗುಳ್ಳೆ ಎದ್ದು, ಒಂದು ವಾರ ಟೋಪಿ ಹಾಕಿಕೊಂಡು ಆಫೀಸಿಗೆ ಹೋದಳು. ಇದು ಸಿಂಪಡಿಸಿದ ಔಷಧಿಯಿಂದಲೋ, ಸೊಪ್ಪೇ ಒಗ್ಗದೆಯೋ, ಖಚಿತವಾಗಿ ಹೇಳಲಾರೆ ಎಂದರು ಚರ್ಮದ ಡಾಕ್ಟರು. ಲೀಲಾವತಿಯವರಿಗೆ ಅನುಮಾನವೇ ಉಳಿಯಲಿಲ್ಲ. ಗದಿಗೆಪ್ಪ ಅಪಾರ್ಟ್‌ಮೆಂಟಿನ ಮ್ಯಾನೇಜರನ್ನು ವಿಚಾರಿಸಿಕೊಂಡು ಬಂದು ಬಾವುಟದ ಅರ್ಥ ಹೇಳಿದ ದಿನ ಅವರು ಊಟ ಮಾಡಲಿಲ್ಲ.

"ಆಂಟಿಗೆ ನಾನೇ ಹೇಳ್ದೆ, ವಾಸಿ ಆಯ್ತಲ್ಲ, ಬಿಡಿ ಅಂತ. ಸುಮ್ನೆ ಎಲ್ಲರಿಗೂ ಒಂದು ಇಮೇಲ್ ಹಾಕಿಸಿದ್ರೆ ಆಗ್ತಿತ್ತು," ಎನ್ನುತ್ತಾಳೆ ನಿಖಿತಾ. "ಕೇಳ್ಬೇಕಲ್ಲ ಅವ್ರು. ಮನೆ ಮನೆಗೂ ಹೋಗಿ ಬಾಟ್ಲಿ ವಾಪಸ್ ತಗೊಂಡ್ರು."

ಇಮೇಲ್ ನಂಬಿ ಲೀಲಾವತಿ ಕೂರಲಿಲ್ಲ. ಬಾಗಿಲು ಬಡಿದು, ತಪ್ಪು ನನ್ನದೆಂದು ಹೇಳಿ, ಹಸಿರು ದಾರದ್ದನ್ನು ಕೇಳಿ ತಂದರು. ಕೆಲವರು ಮರುಗಿದರು, ಕೆಲವರು ಬಾಗಿಲಲ್ಲೇ ಬಾಟಲಿ ಕೈಗಿಟ್ಟು ಕಳಿಸಿದರು. ಫೋನ್ ಕರೆಗಳು ನಿಂತೇಹೋದವು. ಅದಕ್ಕೆ ಅವರು ಕೊರಗಿಲ್ಲವೆಂದರೆ ಸುಳ್ಳಾದೀತು. ಆದರೆ ಅವರ ನಿದ್ದೆ ಕೆಡಿಸಿದ್ದು ಬೇರೆ. ಒಂದು ಬಾಟಲಿ ಅನನ್ಯಾ ಎಂಬ ಮೈಸೂರಿನ ಹುಡುಗಿಯ ಹತ್ತಿರ ಉಳಿದಿತ್ತು. ಡಲ್ಲಾಸ್‌ನಲ್ಲಿ ಅದನ್ನು ಪಡೆದಾಗ ಅವಳು ಎಂಟು ತಿಂಗಳ ಬಸುರಿ. ಹುಟ್ಟುವ ಕೂಸಿನ ನೆತ್ತಿಗೆ ಹಚ್ಚಲು ಇರಲಿ ಎಂದು ಕೇಳಿ ಒಯ್ದದ್ದು. ಹದಿನೈದು ದಿನ ಕಳೆಯುವಷ್ಟರಲ್ಲಿ ಗಂಡನಿಗೆ ಹೊಸ ಕೆಲಸವಾಗಿ ಮನೆ ಶಿಫ್ಟ್ ಆಯಿತು, ಫೋನ್ ನಂಬರೂ ಬದಲಾಯಿತು.

"ದೊಡ್ಡವ್ರ ತಲಿ ಸುಟ್ರ ಬೈದು ಸುಮ್ಮನಾಗ್ತಾರ್ರಿ. ಕೂಸಿಗೆ ಬಾಯಿ ಎಲ್ಲಿ ಐತಿ?" ಎನ್ನುತ್ತಾರೆ. ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಾರೆ. ನಿನ್ನೆ ಸಂಜೆ ಕೃಷ್ಣವೇಣಿಯವರ ಫೋನ್ ಬಂದಿದೆ: ಅನನ್ಯಾ ಇರುವುದು ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್ ಎಂಬ ಬಡಾವಣೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ. ವಿಳಾಸ ಸಿಕ್ಕಿದೆ, ನಂಬರ್ ಸಿಕ್ಕಿಲ್ಲ.

ಬತ್ತಿ ಸದ್ದಿಲ್ಲದೆ ಉರಿಯುತ್ತದೆ. ಲೀಲಾವತಿ ಒಲೆ ಆರಿಸಿ, ಎಣ್ಣೆ ಸೋಸದೆ, ಬಾಣಲೆಗೆ ತಟ್ಟೆ ಮುಚ್ಚಿ ಕಾರು ಹತ್ತುತ್ತಾರೆ. ಮೂರು ಗಂಟೆಯ ದಾರಿ. ಹೈವೇಯಲ್ಲಿ ಗದಿಗೆಪ್ಪ ಗಂಟೆಗೆ ಅರವತ್ತೈದು ಮೈಲಿಯ ಮೇಲೆ ಓಡಿಸುವುದಿಲ್ಲ. ಲಾರಿಗಳೂ ಇವರನ್ನು ಹಿಂದೆ ಹಾಕಿ ಹೋಗುತ್ತವೆ.

"ಸ್ವಲ್ಪ ಜೋರ್ ಹೊಡೀರಲ," ಎನ್ನುತ್ತಾರೆ ಲೀಲಾವತಿ.

"ಪೊಲೀಸ್ರು ಹಿಡದ್ರ ಇನ್ನೂ ತಡಾ ಆಗ್ತೈತಿ," ಎನ್ನುತ್ತಾರೆ ಗದಿಗೆಪ್ಪ. "ನೀರು ಕುಡಿ. ಆ ಕೂಸಿಗೆ ಏನೂ ಆಗಿರೂದಿಲ್ಲ."

"ನಿಮಗ ಹೆಂಗ ಗೊತ್ತು?"

ಲೀಲಾವತಿ ಸೀಟ್‌ಬೆಲ್ಟ್ ಎಳೆಯುತ್ತ, ಬಿಡುತ್ತ, ದಾರಿಯುದ್ದಕ್ಕೂ ಬೋರ್ಡುಗಳನ್ನು ಓದುತ್ತಾರೆ.

ಬಾಗಿಲು ತೆರೆದವಳು ಅನನ್ಯಾ. ಹೆಗಲ ಮೇಲೆ ಹೆಣ್ಣುಕೂಸು. "ಆಂಟಿ, ನೀವಾ? ಆಸ್ಟಿನ್‌ನಿಂದ ಡ್ರೈವ್ ಮಾಡ್ಕೊಂಡು ಬಂದ್ರಾ?" ಎನ್ನುವಷ್ಟರಲ್ಲಿ ಲೀಲಾವತಿ ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು, ಕೂಸನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಾಗಿದೆ. ಎಳೆಗೂದಲನ್ನು ಬೆರಳಿನಿಂದ ಸರಿಸಿ, ನೆತ್ತಿ, ಕಿವಿಯ ಹಿಂದೆ, ಕತ್ತಿನ ಮಡಿಕೆ, ಎಲ್ಲ ನೋಡುತ್ತಾರೆ. ಎಲ್ಲೂ ಏನೂ ಇಲ್ಲ. ಕೂಸು ಆಕಳಿಸುತ್ತದೆ.

"ನನ್ನ ಎಣ್ಣಿ ಹಚ್ಚೀಯೇನು ತಂಗಿ ಇದಕ್ಕ?"

"ಇಲ್ಲ ಆಂಟಿ. ಮೂರು ತಿಂಗಳು ತುಂಬೋವರ್ಗೂ ಬರೀ ಕೊಬ್ಬರಿ ಎಣ್ಣೆ ಅಂತ ಅಮ್ಮ ಹೇಳಿದಾರೆ. ಆಮೇಲೆ ನಿಮ್ದು ಶುರು ಮಾಡೋಣ ಅಂತಿದ್ವಿ."

ಲೀಲಾವತಿ ಕೂಸನ್ನು ಎದೆಗವಚಿಕೊಂಡು ಅಲ್ಲೇ ಕಾರ್ಪೆಟ್ ಮೇಲೆ ಕುಸಿದು ಕೂರುತ್ತಾರೆ. ಕಣ್ಣೀರು ಒರೆಸಿಕೊಳ್ಳುವುದೂ ಇಲ್ಲ. ಅತ್ತು ಮುಗಿಸಿ, ಹೊಂಡ, ಬಾವುಟ, ನಿಖಿತಾಳ ಗುಳ್ಳೆ, ಒಂದನ್ನೂ ಬಿಡದೆ ಹೇಳುತ್ತಾರೆ. ಕೇಳುತ್ತ ಕೇಳುತ್ತ ಅನನ್ಯಾಳ ಕೈ ತನ್ನ ತಲೆಗೆ ಹೋಗುತ್ತದೆ. ಬಾಣಂತನದಲ್ಲಿ ಕೂದಲು ಉದುರುತ್ತದೆಂದು ಅವಳೇ ಆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೆ. ತುರಿಕೆ ಶುರುವಾದಾಗ ಹ್ಯೂಸ್ಟನ್ ನೀರನ್ನು ಬೈದಿದ್ದಾಳೆ. ತಲೆ ಒಣಗಿದ್ದಕ್ಕೇ ತುರಿಸುತ್ತಿದೆ ಎಂದುಕೊಂಡು ಇನ್ನಷ್ಟು ಎಣ್ಣೆ ತಿಕ್ಕಿದ್ದಾಳೆ. ಕನ್ನಡದ ಮನೆಗಳಲ್ಲಿ ತಲೆಯ ಯಾವ ಕಾಯಿಲೆಗೂ ಮೊದಲ ಮದ್ದು ಇನ್ನೊಂದು ಹಿಡಿ ಎಣ್ಣೆಯೇ ತಾನೇ.

"ಒಂದು ತಿಂಗಳಿಂದ ಕೆರ್ಕೊಂಡು ಸಾಯ್ತಿದೀನಿ ಆಂಟಿ," ಎನ್ನುತ್ತಾಳೆ. ಸಿಟ್ಟು ಬಂದಿದೆ, ಬರಬೇಕಾದ್ದೇ. "ಇದನ್ನ ಮಗೂಗೆ ಹಚ್ಚಿಬಿಟ್ಟಿದ್ರೆ?"

"ಬೈಯವಾ. ಬೈಸ್ಕೊಳ್ಳಾಕ ಬಂದೀನಿ," ಎನ್ನುತ್ತಾರೆ ಲೀಲಾವತಿ. ಗದಿಗೆಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಾರೆ.

ಅನನ್ಯಾ ಬಚ್ಚಲಿನಿಂದ ಬಾಟಲಿ ತರುತ್ತಾಳೆ. ಮುಕ್ಕಾಲು ಖಾಲಿ. ಹಸಿರು ದಾರ ಎಣ್ಣೆ ಕುಡಿದು ಕಪ್ಪಾಗಿದೆ. ಲೀಲಾವತಿ ಅದನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಬಿಗಿದು ಗಂಡನ ಕೈಗೆ ಕೊಡುತ್ತಾರೆ. ಅನನ್ಯಾಳ ಬೈತಲೆಯನ್ನು ಬಿಡಿಸಿ ನೋಡುತ್ತಾರೆ, ಕೆಂಪಗೆ ತರಿತರಿಯಾಗಿದೆ. ನಿಖಿತಾ ತೋರಿಸಿಕೊಂಡ ಡಾಕ್ಟರು ಏನೇನು ಹೇಳಿದ್ದರೆಂದು ತಿಳಿಸಿ, ಸೋಮವಾರವೇ ಇಲ್ಲೊಬ್ಬ ಚರ್ಮದ ಡಾಕ್ಟರ ಹತ್ತಿರ ಹೋಗಬೇಕೆಂದು ಮಾತು ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ತಲೆಗೆ ಏನನ್ನೂ ಹಚ್ಚಕೂಡದು, ಕೊಬ್ಬರಿ ಎಣ್ಣೆಯನ್ನೂ.

ಸಿಟ್ಟು ಇಳಿದು ಅನನ್ಯಾ ಕಾಫಿ ಮಾಡುತ್ತಾಳೆ. ಹೊರಡುವ ಹೊತ್ತಿಗೆ ಅವಳು ಸಂಕೋಚದಿಂದ ಕೇಳುತ್ತಾಳೆ: "ಆಂಟಿ, ಇಲ್ಲಿ ನಾಲ್ಕು ಜನಕ್ಕೆ ನಾನೇ ನಿಮ್ಮ ಹೆಸರು ಹೇಳಿಟ್ಟಿದೀನಿ, ಅವರೆಣ್ಣೆ ತುಂಬಾ ಒಳ್ಳೇದು ಅಂತ. ಈಗ ಕೇಳಿದ್ರೆ ಏನು ಹೇಳ್ಲಿ?"

ಚಪ್ಪಲಿ ಮೆಟ್ಟುತ್ತಿದ್ದ ಲೀಲಾವತಿ ತಲೆಯೆತ್ತುತ್ತಾರೆ. ಬೆಳಗಿನಿಂದ ಮೊದಲ ಬಾರಿಗೆ ಅವರ ಕೈಕಾಲು ಸುಮ್ಮನಿವೆ.

"ಎಣ್ಣಿ ಚಲೋ ಐತಿ ಅನಬ್ಯಾಡವಾ. ಕೆಟ್ಟಾಗ ಮನಿಗೆ ಬಂದು ಇಸ್ಕೊಂಡು ಹೋದ್ಲು ಅನ್ನು. ಅಷ್ಟ ಸಾಕು."